ಸೊಲ್ಲಾಪುರ ಕೋಟೆಯ ಬಳುವಳಿ ತಂದ ಚಾಂದಬೀಬಿ

ಸೊಲ್ಲಾಪುರದ ಕೋಟೆಯನ್ನು ಕಂಡಾಗಲೆಲ್ಲ ನಾವು ಚಾಂದಬೀಬಿಯನ್ನು ನೆನೆಯುತ್ತೇವೆ. ಅಹಮದನಗರದ ಹುಸೇನ ನಿಜಾಮಶಾಹನ ಈ ಮಗಳು ಬಿಜಾಪುರದ ಅಲಿ ಆದಿಲಶಾಹನ ಕೈಹಿಡಿದಾಗ ಆ ಕೋಟೆ ಬಳುವಳಿಯಾಗಿ ಸಂದಿತು. ಅರಬ್ಬಿ, ಫಾರಸಿ, ತುರ್ಕಿಗಳ ಜೊತೆಗೆ ಮರಾಠಿ, ಕನ್ನಡಗಳನ್ನೂ ಆಕೆ ಬಲ್ಲವಳಾಗಿದ್ದಳು.

1580ರಲ್ಲಿ ಪತಿಯ ಕೊಲೆಯಾಯಿತು. ಪಟ್ಟವೇರಿದ ಇಬ್ರಾಹಿಮನಿಗೆ ಒಂಬತ್ತು ವರ್ಷ. ಆಸ್ಥಾನದ ಮುಸ್ಲಿಮ್ ಸರದಾರರ ಧರ್ಮ ಒಂದೇ, ಬಳಗ ಬೇರೆ: ಇಲ್ಲಿಯೇ ಬೇರೂರಿದ ದಖನಿಗಳು, ಇರಾನಿನ ಕಡೆಯಿಂದ ಬಂದ ಅಫಾಕಿಗಳು, ಆಫ್ರಿಕಾ ಮೂಲದ ಹಬಶಿಗಳು. ಅಧಿಕಾರ ಹಿಡಿದಿದ್ದ ಕಿಶ್ವರಖಾನನು ರಾಣಿಯನ್ನು ಸಾತಾರೆಯಲ್ಲಿ ಸೆರೆಯಿಟ್ಟನು. ಹಬಶಿ ಸರದಾರ ಇಖಲಾಸಖಾನನ ಕಡೆಯವರಿಂದ ಆಕೆಗೆ ಬಿಡುಗಡೆಯಾಯಿತು.

ಈ ಒಳಜಗಳದ ನಡುವೆ ನೆರೆಯ ಸುಲ್ತಾನರು ಬಿಜಾಪುರವನ್ನು ಮುತ್ತಿದರು. ತಮ್ಮನ್ನು ಉಳಿದವರು ನಂಬರೆಂದು ಅರಿತ ಹಬಶಿಗಳು ಅಧಿಕಾರವನ್ನು ಆಕೆಗೇ ಒಪ್ಪಿಸಿದರು. ಈ ತ್ಯಾಗವನ್ನು ನಾವು ಶಾಲೆಯಲ್ಲಿ ಹೇಳುವುದೇ ಇಲ್ಲ. ಆಕೆ ಇರಾನಿ ಮನೆತನದ ಅಬುಲ್ ಹಸನನನ್ನು ಮುಂದಿರಿಸಿ, ದೂರ ಸರಿದಿದ್ದ ಸರದಾರರನ್ನು ಮರಳಿ ಕರೆಸಿದಳು. ಮುತ್ತಿಗೆ ತೆರವಾಯಿತು.

ಮುಂದೆ ತವರಿಗೆ ಮರಳಿ, ಮೊಗಲ ರಾಜಕುಮಾರ ಮುರಾದನಿಂದ ಅಹಮದನಗರವನ್ನು ಉಳಿಸಿದಳು. 1600ರ ಎರಡನೆಯ ಮುತ್ತಿಗೆಯಲ್ಲಿ ಸಂಧಿಯ ಮಾತೆತ್ತಿದ್ದಕ್ಕೆ ಸ್ವಂತ ಸೈನಿಕರೇ ದ್ರೋಹಿಯೆಂದು ಬಗೆದು ಆಕೆಯನ್ನು ಕೊಂದರು. ಕೋಟೆ ಆ ವರ್ಷವೇ ಮೊಗಲರ ವಶವಾಯಿತು.