ಗೆಲಾಕ್ಸಿಗಳ ವಯಸ್ಸು ಎಣಿಸಿದಾಕೆ

ಆಕಾಶದ ದೂರಗಳನ್ನು ಅಳೆಯುವವರಿಗೆ ಒಂದು ದೀಪ ಬೇಕು. ದೀಪದ ನಿಜವಾದ ಬೆಳಕು ಎಷ್ಟೆಂಬುದು ತಿಳಿದಿದ್ದರೆ, ಅದು ನಮ್ಮ ಕಣ್ಣಿಗೆ ಎಷ್ಟು ಮಂಕಾಗಿ ಕಾಣುತ್ತದೆಂಬುದರಿಂದ ದೂರವನ್ನು ಲೆಕ್ಕ ಹಾಕಬಹುದು. ಅಮೆರಿಕದ ಪಾಲೋಮಾರ್ ಪರ್ವತದ ಮೇಲಿನ 200 ಅಂಗುಲದ ದೂರದರ್ಶಕದಲ್ಲಿ ಕೆಲಸ ಮಾಡುತ್ತಿದ್ದ ಆಲನ್ ಸ್ಯಾಂಡೇಜ್ 1960ರ ದಶಕದಲ್ಲಿ ಆರಿಸಿಕೊಂಡ ದೀಪಗಳೆಂದರೆ ಅಂಡಾಕಾರದ ದೈತ್ಯ ಗೆಲಾಕ್ಸಿಗಳು. ಕೋಟಿಕೋಟಿ ನಕ್ಷತ್ರಗಳ ಒಕ್ಕೂಟವಾದ ಇವುಗಳ ಕಾಂತಿ ಕಾಲಾಂತರದಲ್ಲಿ ಗಣನೆಗೆ ಬರುವಷ್ಟು ಬದಲಾಗದು ಎಂಬುದು ಆತನ ನಂಬಿಕೆ. ವಿಶ್ವದ ವಿಸ್ತರಣೆ ಎಷ್ಟು ನಿಧಾನಗೊಳ್ಳುತ್ತಿದೆ, ಒಂದು ದಿನ ಅದು ನಿಂತು ಹಿಂದಕ್ಕೆ ಕುಸಿದೀತೇ ಎಂಬ ಮಹಾಪ್ರಶ್ನೆಗೆ ಆ ದೀಪಗಳ ಬೆಳಕಿನಲ್ಲಿ ಉತ್ತರ ಹುಡುಕಲಾಗುತ್ತಿತ್ತು. ದೀಪವನ್ನೇ ಶಂಕಿಸಿದವಳು ಬಿಯಾಟ್ರಿಸ್ ಟಿನ್ಸ್ಲಿ; ಆಗಿನ್ನೂ ಮೂವತ್ತು ತುಂಬದ ತರುಣಿ.

ಆಕೆ ಹುಟ್ಟಿದ್ದು 1941ರ ಜನವರಿ 27ರಂದು, ಇಂಗ್ಲೆಂಡಿನ ಚೆಸ್ಟರ್ ಪಟ್ಟಣದಲ್ಲಿ. ಮಹಾಯುದ್ಧ ಮುಗಿದ ಮೇಲೆ ಸಂಸಾರ ನ್ಯೂಜಿಲೆಂಡಿಗೆ ಹೋಯಿತು. ತಂದೆ ಪಾದ್ರಿಯಾಗಿದ್ದು, ಮುಂದೆ ನ್ಯೂ ಪ್ಲಿಮತ್ ಊರಿನ ಮೇಯರ್ ಕೂಡ ಆದವರು. ಮಗಳಿಗೆ ಪಿಟೀಲಿನಲ್ಲೂ ಗಣಿತದಲ್ಲೂ ಸಮಾನವಾದ ಒಲವು. ಕ್ರೈಸ್ಟ್‌ಚರ್ಚಿನಲ್ಲಿ ಭೌತವಿಜ್ಞಾನ ಓದಿ, ಸಹಪಾಠಿ ಬ್ರಯಾನ್ ಟಿನ್ಸ್ಲಿಯನ್ನು 1961ರಲ್ಲಿ ಮದುವೆಯಾಗಿ, 1963ರಲ್ಲಿ ಗಂಡನ ಉದ್ಯೋಗವನ್ನು ಅನುಸರಿಸಿ ಅಮೆರಿಕದ ಡಲ್ಲಾಸಿಗೆ ಬಂದಳು. ಆತನಿಗೆ ಅಲ್ಲಿ ಸಂಶೋಧನೆಯ ಕೆಲಸವಿತ್ತು, ಈಕೆಗೆ ಮನೆಯಿತ್ತು. ಅಷ್ಟರಿಂದ ತೃಪ್ತಳಾಗದೆ ಸುಮಾರು 200 ಮೈಲಿ ದೂರದ ಆಸ್ಟಿನ್ನಿನ ವಿಶ್ವವಿದ್ಯಾಲಯಕ್ಕೆ ಸೇರಿ, ಅಲ್ಲಿಗೂ ಇಲ್ಲಿಗೂ ಓಡಾಡುತ್ತಲೇ 1966ರ ಕೊನೆಯ ಹೊತ್ತಿಗೆ ಡಾಕ್ಟರೇಟಿನ ಪ್ರಬಂಧವನ್ನು ಪೂರೈಸಿದಳು.

ಆ ಪ್ರಬಂಧದ ಮುಖ್ಯ ವಿಚಾರವನ್ನು, ವಿಜ್ಞಾನದ ವಿದ್ಯಾರ್ಥಿಯಲ್ಲದ ನಾನು ಒಂದು ಊರಿನ ಜನಗಣತಿಯಂತೆ ತಿಳಿದುಕೊಂಡಿದ್ದೇನೆ. ಗೆಲಾಕ್ಸಿ ಒಂದು ಊರಾದರೆ ನಕ್ಷತ್ರಗಳು ಅದರ ಜನ. ಭಾರಿ ಗಾತ್ರದ ನೀಲಿ ನಕ್ಷತ್ರಗಳು ಧಗಧಗಿಸಿ ಕೆಲವೇ ದಶಲಕ್ಷ ವರ್ಷಗಳಲ್ಲಿ ಮುಗಿದುಹೋಗುತ್ತವೆ. ಸಣ್ಣ ಕೆಂಪು ನಕ್ಷತ್ರಗಳು ಮಿಣುಕುತ್ತ ಸಾವಿರಾರು ಕೋಟಿ ವರ್ಷ ಬಾಳುತ್ತವೆ. ಸತ್ತ ನಕ್ಷತ್ರಗಳು ತಮ್ಮ ಒಡಲಲ್ಲಿ ಬೇಯಿಸಿದ ಭಾರಧಾತುಗಳನ್ನು ಹೊರಚೆಲ್ಲುತ್ತವೆ. ಮುಂದಿನ ಪೀಳಿಗೆಗೆ ಅದೇ ಅನಿಲ ಗರ್ಭವಾಗುತ್ತದೆ. ಈ ಜನನ ಮರಣಗಳನ್ನೆಲ್ಲ ಯುಗಯುಗಕ್ಕೆ ಕೂಡಿಸಿ ಕಳೆದು, ಇಡೀ ಗೆಲಾಕ್ಸಿಯ ಬಣ್ಣವೂ ಕಾಂತಿಯೂ ಹೇಗೆ ಮಾರ್ಪಡುತ್ತವೆಂಬುದನ್ನು ಆಕೆ ಗಣಕಯಂತ್ರದ ನೆರವಿನಿಂದ ಲೆಕ್ಕ ಹಾಕಿದಳು. ಅಂಡಾಕಾರದ ಗೆಲಾಕ್ಸಿಗಳಲ್ಲಿ ಹೊಸ ಹುಟ್ಟು ಎಂದೋ ನಿಂತುಹೋಗಿದೆ. ಪ್ರಕಾಶವುಳ್ಳವು ಒಂದೊಂದಾಗಿ ಅಳಿದಂತೆ ಊರೇ ಮಂಕಾಗುತ್ತದೆ. ದೂರವನ್ನು ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದಷ್ಟೆ? ಹಾಗಾದರೆ ದೂರದ ಗೆಲಾಕ್ಸಿ ಹತ್ತಿರದ್ದಕ್ಕಿಂತ ಸ್ವತಃ ಪ್ರಕಾಶಮಾನವಾದದ್ದು. ಇದನ್ನು ಮರೆತವರಿಗೆ ಅದು ಇರುವುದಕ್ಕಿಂತ ಸಮೀಪದಲ್ಲಿರುವಂತೆ ತೋರಿ, ವಿಸ್ತರಣೆ ಬೇಗ ಬೇಗ ಕುಂಠಿತವಾಗುತ್ತಿದೆಯೆಂಬ ಭ್ರಮೆ ಹುಟ್ಟುತ್ತದೆ.

ಸ್ಯಾಂಡೇಜ್ ಸುಲಭವಾಗಿ ಒಪ್ಪಲಿಲ್ಲ. ವಾದ ವರ್ಷಗಟ್ಟಲೆ ನಡೆಯಿತು. 1974ರಲ್ಲಿ ಗಾಟ್, ಗನ್, ಶ್ರಾಮ್ ಎಂಬ ಮೂವರೊಂದಿಗೆ ಆಕೆ ಬರೆದ ಲೇಖನವು, ವಿಶ್ವ ಮರಳಿ ಕುಸಿಯದೆ ಎಂದೆಂದೂ ಹಿಗ್ಗುತ್ತಲೇ ಇರುವ ಸಂಭವವೇ ಹೆಚ್ಚೆಂದು ಹಲವು ದಿಕ್ಕಿನ ಪ್ರಮಾಣಗಳಿಂದ ವಾದಿಸಿತು. ಮರುವರ್ಷ ಗನ್ನನೊಡನೆ ಬರೆದ ಇನ್ನೊಂದು ಲೇಖನದಲ್ಲಿ, ತಮ್ಮ ಆಧಾರಗಳ ದೌರ್ಬಲ್ಯವನ್ನು ಮುಚ್ಚಿಡದೆಯೇ, ಹಿಗ್ಗುವ ವೇಗ ಹೆಚ್ಚುತ್ತಲೂ ಇರಬಹುದೆಂಬ ಮಾತನ್ನು ಮುಂದಿಟ್ಟಳು. ಬೇರೊಂದು ಬಗೆಯ ದೀಪಗಳಾದ ಸೂಪರ್‌ನೋವಾಗಳಿಂದ ಅದಕ್ಕೆ ಬಲವಾದ ಸಾಕ್ಷ್ಯ ದೊರೆತದ್ದು 1998ರಲ್ಲಿ.

ಇಷ್ಟಾದರೂ ಡಲ್ಲಾಸಿನಲ್ಲಿ ಆಕೆಗೆ ನೆಲೆಯಾದ ಹುದ್ದೆಯಿಲ್ಲ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಖಗೋಳ ವಿಭಾಗವೊಂದರ ಯೋಜನೆಯನ್ನು ಸಿದ್ಧಪಡಿಸಿಕೊಟ್ಟವಳು ಆಕೆಯೇ. ಅದರ ಮುಖ್ಯಸ್ಥಾನಕ್ಕೆ ಅರ್ಜಿ ಹಾಕಿದಾಗ ಉತ್ತರವೇ ಬರಲಿಲ್ಲ. ಅಮೆರಿಕದ ಖಗೋಳ ಸಂಘ ಆನಿ ಕ್ಯಾನನ್ ಬಹುಮಾನವಿತ್ತು ಗೌರವಿಸಿದ್ದೂ ಅದೇ 1974ರಲ್ಲಿ. ಆ ವರ್ಷ ದಾಂಪತ್ಯ ಮುರಿಯಿತು. ದತ್ತು ಪಡೆದಿದ್ದ ಇಬ್ಬರು ಮಕ್ಕಳನ್ನು ತಂದೆಯ ಬಳಿ ಬಿಟ್ಟು ಆಕೆ ಯೇಲ್ ವಿಶ್ವವಿದ್ಯಾಲಯಕ್ಕೆ ಹೊರಟಳು. ಹೊಗಳಿ ಬರೆಯುವವರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುವುದುಂಟು. ನನಗೆ ಹಾಗೆ ದಾಟಲಾಗದು. ಆದರೆ ತೀರ್ಪು ಕೊಡಲು ಹೊರಟರೆ, ಮಲಗಿದ್ದ ಮಡದಿಯನ್ನೂ ಮಗುವನ್ನೂ ಬಿಟ್ಟು ಹೊರಟ ಸಿದ್ಧಾರ್ಥನ ಕಥೆಯನ್ನು ತರಗತಿಯಲ್ಲಿ ಎಷ್ಟು ಗೌರವದಿಂದ ಹೇಳುತ್ತ ಬಂದಿದ್ದೇನೆಂಬುದು ನೆನಪಾಗುತ್ತದೆ. ಹೆಣ್ಣಿಗೆ ಆ ಗೌರವವನ್ನು ಲೋಕ ಅಷ್ಟು ಸುಲಭವಾಗಿ ಕೊಡುವುದಿಲ್ಲ.

ಯೇಲಿನಲ್ಲಿ ಆಕೆಗೆ ದೊರೆತದ್ದು ಆರೇ ವರ್ಷ. ರಿಚರ್ಡ್ ಲಾರ್ಸನ್ನನೊಡನೆ 1977ರಲ್ಲಿ ಗೆಲಾಕ್ಸಿಗಳ ವಿಕಾಸವನ್ನೇ ವಿಷಯವಾಗಿಟ್ಟು ಸಮ್ಮೇಳನ ನಡೆಸಿದಳು. ಗೆಲಾಕ್ಸಿಗಳು ಒಂದನ್ನೊಂದು ಸೆಳೆದು ಘರ್ಷಿಸುವಾಗ ನಕ್ಷತ್ರಗಳ ಹುಟ್ಟು ಒಮ್ಮೆಲೇ ಉಕ್ಕುತ್ತದೆಂದು ಅವುಗಳ ಬಣ್ಣದಿಂದಲೇ ಇಬ್ಬರೂ ಮರುವರ್ಷ ತೋರಿಸಿಕೊಟ್ಟರು. 1978ರಲ್ಲಿ ಆಕೆ ಯೇಲಿನ ಮೊದಲ ಮಹಿಳಾ ಖಗೋಳ ಪ್ರಾಧ್ಯಾಪಕಿಯಾದಳು. ಆ ವರ್ಷವೇ ಚರ್ಮದ ಅರ್ಬುದ ರೋಗ ಪತ್ತೆಯಾಯಿತು.

ರೋಗ ಬಲಗೈಯನ್ನು ಕಸಿದುಕೊಂಡಾಗ ಎಡಗೈಯಲ್ಲಿ ಬರೆಯಲು ಕಲಿತಳು. ಹದಿನಾಲ್ಕು ವರ್ಷಗಳಲ್ಲಿ ನೂರರಷ್ಟು ಲೇಖನಗಳನ್ನು ಬರೆದಿದ್ದ ಆಕೆ, ಕೊನೆಯದನ್ನು ಪತ್ರಿಕೆಗೆ ಕಳುಹಿಸಿದ ಕೆಲವೇ ದಿನಗಳಲ್ಲಿ, 1981ರ ಮಾರ್ಚ್ 23ರಂದು ತೀರಿಕೊಂಡಳು, ವಯಸ್ಸು ನಲವತ್ತು. ಆ ಲೇಖನ ಅದೇ ವರ್ಷದ ನವೆಂಬರಿನಲ್ಲಿ ತಿದ್ದುಪಡಿಯಿಲ್ಲದೆ ಅಚ್ಚಾಯಿತು.