ನಕ್ಷತ್ರದಿಂದ ರಕ್ತನಾಳಕ್ಕೆ: ಡಾಪ್ಲರ್ ಬದುಕು

ಯಳಂದೂರು ತಾಲ್ಲೂಕಿನ ಅಗರದಿಂದ ಊದಿದ ಕಾಲಿನೊಡನೆ ಆಸ್ಪತ್ರೆಗೆ ಬರುವ ರೈತನ ಚೀಟಿಯಲ್ಲೂ, ಬೆಂಗಳೂರಿನ ಕಚೇರಿ ನೌಕರನ ಚೀಟಿಯಲ್ಲೂ ವೈದ್ಯರು ಬರೆಯುವ ಹೆಸರು ಒಂದೇ: ಡಾಪ್ಲರ್. ಅದು ಯಂತ್ರದ ಹೆಸರೆಂದೇ ಹಲವರ ಭಾವನೆ. ವಾಸ್ತವವಾಗಿ ಅದು ವೈದ್ಯವೃತ್ತಿಯ ಸೋಂಕೇ ಇಲ್ಲದ ಒಬ್ಬ ಗಣಿತಜ್ಞನ ಹೆಸರು.

ಕ್ರಿಶ್ಚಿಯನ್ ಡಾಪ್ಲರ್ 1803ರ ನವೆಂಬರ್ 29ರಂದು ಇಂದಿನ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ, ಕಲ್ಲುಕುಟಿಗರ ಮನೆತನದಲ್ಲಿ ಜನಿಸಿದರು. ಕೃಶಕಾಯರಾದ ಅವರಿಗೆ ಕುಲಕಸುಬು ಒಗ್ಗಲಿಲ್ಲ. ವಿಯೆನ್ನಾದಲ್ಲಿ ಗಣಿತ ಕಲಿತರೂ ಕಾಯಂ ಉದ್ಯೋಗ ದೊರೆಯದೆ ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆದರು. 1835ರಲ್ಲಿ ಇದ್ದುದನ್ನೆಲ್ಲ ಮಾರಿ ಅಮೆರಿಕಕ್ಕೆ ಹೊರಡಲು ಅಣಿಯಾದಾಗ ಪ್ರಾಗ್‌ನಲ್ಲಿ ಅಧ್ಯಾಪಕ ಹುದ್ದೆ ಲಭಿಸಿತು.

1842ರ ಮೇ 25ರಂದು ಅಲ್ಲಿಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಮಂಡಿಸಿದ ಪ್ರಬಂಧದ ವಿಷಯ ಜೋಡಿ ನಕ್ಷತ್ರಗಳ ಬಣ್ಣ. ಅಲೆಯ ಮೂಲ ಹತ್ತಿರ ಬಂದರೆ ಆವರ್ತನ ಹೆಚ್ಚಾಗಿಯೂ, ದೂರ ಸರಿದರೆ ಕಡಿಮೆಯಾಗಿಯೂ ತೋರುವುದೆಂಬುದು ಅದರ ತಿರುಳು. ನಕ್ಷತ್ರಗಳ ಬಣ್ಣಕ್ಕೆ ಇದೇ ಕಾರಣವೆಂಬ ಅವರ ಊಹೆ ತಪ್ಪಾಗಿತ್ತು. ತತ್ವ ಮಾತ್ರ ಸರಿಯಾಗಿತ್ತು. 1845ರಲ್ಲಿ ಡಚ್ ವಿಜ್ಞಾನಿ ಬೈಸ್ ಬಾಲೋ ರೈಲಿನಲ್ಲಿ ಕಹಳೆ ಊದಿಸಿ ಅದನ್ನು ಖಚಿತಪಡಿಸಿದರು. ಆದರೂ 1852ರಲ್ಲಿ ವಿಯೆನ್ನಾದ ಗಣಿತಜ್ಞ ಪೆಟ್ಸ್‌ವಾಲ್ ಡಾಪ್ಲರ್ ಅವರನ್ನು ಬಹಿರಂಗವಾಗಿ ವಿರೋಧಿಸಿದರು. ಶ್ವಾಸಕೋಶದ ಕಾಯಿಲೆಯಿಂದ ಜರ್ಜರಿತರಾಗಿದ್ದ ಡಾಪ್ಲರ್ 1853ರ ಮಾರ್ಚ್ 17ರಂದು ವೆನಿಸ್‌ನಲ್ಲಿ ನಿಧನರಾದರು. ಆಗ ಅವರಿಗೆ 49 ವರ್ಷ.

ಶತಮಾನದ ಬಳಿಕ, 1950ರ ದಶಕದಲ್ಲಿ ಜಪಾನಿನ ಸತೊಮುರಾ ಈ ತತ್ವವನ್ನು ಶ್ರವಣಾತೀತ ಧ್ವನಿಯೊಡನೆ ಬೆಸೆದು ಹೃದಯದ ಚಲನೆಯನ್ನು ಅಳೆದರು. ಅಮೆರಿಕದ ಸ್ಟ್ರಾಂಡ್‌ನೆಸ್ ಅದನ್ನು ಕೈಕಾಲುಗಳ ರಕ್ತನಾಳಗಳಿಗೆ ಅನ್ವಯಿಸಿದರು.

ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಔಷಧದ ನೆರವಿನಿಂದ ಕರಗಿದರೂ ಕಥೆ ಮುಗಿಯುವುದಿಲ್ಲ. ರಕ್ತ ಕೆಳಗಿಳಿಯದಂತೆ ತಡೆಯುವ ಕವಾಟಗಳು ಹಾಳಾಗಿರಬಹುದು. ಆಗ ವರ್ಷಗಳ ನಂತರವೂ ಬಾವು, ಚರ್ಮ ಕಪ್ಪಾಗುವುದು, ಮಾಯದ ಹುಣ್ಣು ಕಾಡುತ್ತವೆ. ಸ್ಕ್ಯಾನಿಂಗ್ ಮಾಡುವವರು ಮೀನಖಂಡವನ್ನು ಅದುಮಿ ಬಿಡುತ್ತಾರೆ. ತೊಡೆ, ಮಂಡಿಯ ಆಳದ ನಾಳದಲ್ಲಿ ರಕ್ತ ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ಹಿಂದಕ್ಕೆ ಹರಿದರೆ ಕವಾಟ ಸೋತಿದೆಯೆಂದು ಅರ್ಥ. ಅದುಮಿದರೂ ನಾಳ ಪೂರ್ತಿ ಮುಚ್ಚದಿದ್ದರೆ ಹಳೆಯ ಹೆಪ್ಪು ಉಳಿದಿರುವ ಸೂಚನೆ.

ಸೂಜಿ ಚುಚ್ಚದೆ, ವಿಕಿರಣ ತಾಗಿಸದೆ ಇಷ್ಟನ್ನೂ ತಿಳಿಸುವ ಪರೀಕ್ಷೆಯ ಹಿಂದೆ ಆಕಾಶವನ್ನು ಕುರಿತು ಚಿಂತಿಸಿದ ಆ ರೋಗಪೀಡಿತ ಅಧ್ಯಾಪಕರ ತತ್ವವಿದೆ. ತಮ್ಮ ಊಹೆ ಮನುಷ್ಯನ ಕಾಲಿನೊಳಗಣ ಹರಿವನ್ನು ಅಳೆಯುವುದನ್ನು ಕಾಣಲು ಅವರು ಉಳಿದಿರಲಿಲ್ಲ.