ಕುದುರೆಗಾಡಿಯಲ್ಲಿ ಹೊರಟ ಚುನಾವಣಾ ವರದಿಗಾರ

1835ರ ಮೇ ತಿಂಗಳು. ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದ ಕೋಟೆಯ ಅಂಗಳದಲ್ಲಿ ಚುನಾವಣಾ ಸಭೆ. ಗೃಹ ಸಚಿವರಾಗಿ ಅಧಿಕಾರ ವಹಿಸಿಕೊಂಡ ಕಾರಣಕ್ಕೆ, ಅಂದಿನ ನಿಯಮದಂತೆ ಮತ್ತೊಮ್ಮೆ ಮತದಾರರ ಮುಂದೆ ನಿಲ್ಲಬೇಕಾಗಿ ಬಂದಿದ್ದ ಲಾರ್ಡ್ ಜಾನ್ ರಸೆಲ್ ಮಾತನಾಡುತ್ತಿದ್ದರು. ಧಾರಾಕಾರ ಮಳೆ. ಜನರ ನೂಕುನುಗ್ಗಲಿನ ನಡುವೆ ಲಂಡನ್ನಿನಿಂದ ಬಂದ 23 ವರ್ಷದ ವರದಿಗಾರನೊಬ್ಬ ಭಾಷಣವನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ. ಪುಸ್ತಕ ತೋಯದಿರಲೆಂದು ಇಬ್ಬರು ಸಹೋದ್ಯೋಗಿಗಳು ಅದರ ಮೇಲೆ ಕರವಸ್ತ್ರ ಹಿಡಿದಿದ್ದರು. ರಸೆಲ್ ಆ ಚುನಾವಣೆಯಲ್ಲಿ ಸೋತರು. ವರದಿಗಾರನ ಹೆಸರು ಚಾರ್ಲ್ಸ್ ಡಿಕನ್ಸ್.

ಡಿಕನ್ಸ್ ನಮಗೆಲ್ಲ ಪರಿಚಿತನಾಗಿರುವುದು ಅನಾಥ ಬಾಲಕರ, ಜಿಪುಣ ಮುದುಕರ ಕಥೆಗಾರನಾಗಿ. ಆತ ಊರಿಂದೂರಿಗೆ ಓಡಾಡುತ್ತ ಚುನಾವಣೆಗಳನ್ನು ಕಣ್ಣಾರೆ ಕಂಡವನೆಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ವರ್ಗಾವಣೆಯಾದ ಊರಿಗೆ ಸಾಮಾನು ಇಳಿಸುವ ಮೊದಲೇ ಚುನಾವಣಾ ಕರ್ತವ್ಯದ ಆದೇಶ ಕೈಗೆ ಬರುತ್ತಿದ್ದ ಸೇವಾವಧಿಯನ್ನು ಕಳೆದ ನನ್ನಂಥವನಿಗೆ ಆ ಮುಖವೇ ಹೆಚ್ಚು ಆಪ್ತ.

ಸ್ಥಳಾಂತರವೆಂಬುದು ಆತನಿಗೆ ಹುಟ್ಟಿನಿಂದಲೇ ಅಂಟಿಬಂದಿತ್ತು. 1812ರ ಫೆಬ್ರುವರಿ 7ರಂದು ಪೋರ್ಟ್ಸ್‌ಮತ್‌ನಲ್ಲಿ ಜನನ. ತಂದೆ ನೌಕಾಪಡೆಯ ವೇತನ ಕಚೇರಿಯಲ್ಲಿ ಗುಮಾಸ್ತರು. ನೌಕರಿ ಕರೆದೊಯ್ದಂತೆ ಸಂಸಾರ ಲಂಡನ್, ಚ್ಯಾಥಮ್, ಮತ್ತೆ ಲಂಡನ್ ಎಂದು ತಿರುಗಿತು. 1824ರಲ್ಲಿ ತಂದೆ ಸಾಲ ತೀರಿಸಲಾಗದೆ ಮಾರ್ಷಲ್‌ಸೀ ಸೆರೆಮನೆ ಸೇರಿದರು. ಹನ್ನೆರಡರ ಬಾಲಕ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದ. ಮುಂದೆ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದುಕೊಂಡೇ ಕಠಿಣವಾದ ಗರ್ನಿ ಶೀಘ್ರಲಿಪಿಯನ್ನು ಸ್ವಪ್ರಯತ್ನದಿಂದ ಕಲಿತ. ಆ ವಿದ್ಯೆ ಆತನನ್ನು ಪಾರ್ಲಿಮೆಂಟಿನ ವರದಿಗಾರರ ಗ್ಯಾಲರಿಗೆ ಕರೆತಂದಿತು. 1834ರಲ್ಲಿ ‘ಮಾರ್ನಿಂಗ್ ಕ್ರಾನಿಕಲ್’ ಪತ್ರಿಕೆಯ ನೌಕರಿಯನ್ನೂ ದೊರಕಿಸಿತು.

ಆ ಕಾಲದ ಚುನಾವಣೆಯ ಸ್ವರೂಪವನ್ನು ಇಲ್ಲಿ ನೆನೆಯಬೇಕು. 1832ರ ಸುಧಾರಣಾ ಕಾಯ್ದೆಯ ನಂತರವೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮತದಾರರಿದ್ದುದು ಸುಮಾರು 6.5 ಲಕ್ಷ ಮಾತ್ರ. ಮಹಿಳೆಯರಿಗೆ ಮತವಿಲ್ಲ, ಆಸ್ತಿಯಿಲ್ಲದ ಬಹುತೇಕ ಗಂಡಸರಿಗೂ ಇಲ್ಲ. ಮತದಾರ ತನ್ನ ಆಯ್ಕೆಯ ಹೆಸರನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಯಾರು ಯಾರಿಗೆ ಮತ ಕೊಟ್ಟರೆಂಬ ಪಟ್ಟಿ ಅಚ್ಚಾಗಿ ಮಾರಾಟವೂ ಆಗುತ್ತಿತ್ತು. ಹೀಗಾಗಿ ಜಮೀನ್ದಾರನಿಗೆ ತನ್ನ ಗೇಣಿದಾರನ ನಿಷ್ಠೆಯನ್ನೂ, ಹಣ ಹಂಚಿದವನಿಗೆ ತಾನು ಕೊಂಡ ಸರಕನ್ನೂ ಪರೀಕ್ಷಿಸಿಕೊಳ್ಳುವುದು ಸುಲಭವಾಗಿತ್ತು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಕೊಂಡದ್ದು ಕೈಸೇರಿತೆಂಬ ಖಾತರಿ ಇದ್ದುದರಿಂದಲೇ ಮತದ ಮಾರುಕಟ್ಟೆ ಚುರುಕಾಗಿ ನಡೆಯುತ್ತಿತ್ತು.

1835ರ ಜನವರಿಯ ಸಾರ್ವತ್ರಿಕ ಚುನಾವಣೆಯಲ್ಲಿ ಡಿಕನ್ಸ್ ಚೆಮ್ಸ್‌ಫರ್ಡ್, ಕೋಲ್ಚೆಸ್ಟರ್, ಇಪ್ಸ್‌ವಿಚ್, ಸಡ್‌ಬರಿ ಎಂದು ಪೂರ್ವ ಭಾಗದ ಪಟ್ಟಣಗಳನ್ನು ಸುತ್ತಿದ. ಡಿಸೆಂಬರಿನ ಉಪಚುನಾವಣೆಗೆ ಕೆಟರಿಂಗ್‌ಗೆ ಹೋದಾಗ, ಕುದುರೆಯೇರಿದ ಟೋರಿ ಬೆಂಬಲಿಗರು ಜನರ ಮೇಲೆ ನುಗ್ಗಿದ್ದನ್ನು ಕಂಡು ಹೇಸಿದ. ರೈಲು ಇನ್ನೂ ಈ ಊರುಗಳನ್ನು ಮುಟ್ಟಿರಲಿಲ್ಲ. ನಡುರಾತ್ರಿ ಓಡುವ ಬಾಡಿಗೆ ಗಾಡಿಯಲ್ಲಿ, ಲಾಂದ್ರದ ಬೆಳಕಿನಲ್ಲಿ, ಅಂಗೈ ಮೇಲೆ ಕಾಗದವಿಟ್ಟು ಬರೆದ ವರದಿ ಪ್ರತಿಸ್ಪರ್ಧಿ ‘ಟೈಮ್ಸ್’ಗಿಂತ ಮುಂಚೆ ಲಂಡನ್ ತಲುಪಬೇಕಿತ್ತು. ಮುದ್ರಾಂಕ ತೆರಿಗೆಯ ಭಾರದಿಂದ ಪತ್ರಿಕೆಯೊಂದರ ಬೆಲೆ ಏಳು ಪೆನ್ಸ್. 1836ರಲ್ಲಿ ಆ ತೆರಿಗೆ ನಾಲ್ಕು ಪೆನ್ಸ್‌ನಿಂದ ಒಂದಕ್ಕೆ ಇಳಿಯುವವರೆಗೆ ಸುದ್ದಿಯೂ ಮತದ ಹಾಗೆ ಉಳ್ಳವರ ಸೊತ್ತಾಗಿತ್ತು.

ಈ ತಿರುಗಾಟದ ಫಲ 1836ರಲ್ಲಿ ಕಂಡಿತು. ತಿಂಗಳ ಕಂತುಗಳಲ್ಲಿ ಬಂದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಆತ ಈಟನ್‌ಸ್ವಿಲ್ ಎಂಬ ಕಾಲ್ಪನಿಕ ಪಟ್ಟಣದ ಚುನಾವಣೆಯನ್ನು ಚಿತ್ರಿಸಿದ. ಅಲ್ಲಿ ಊರೇ ಎರಡು ಬಣ್ಣಗಳಾಗಿ ಒಡೆದಿದೆ. ಅಂಗಡಿ, ಛತ್ರ, ಪತ್ರಿಕೆ, ಎಲ್ಲಕ್ಕೂ ಪಕ್ಷ ಅಂಟಿದೆ. ಮತದಾರರ ಹೆಂಡಂದಿರಿಗೆ ಕೊಡೆಗಳ ಉಡುಗೊರೆ, ಗಂಡಂದಿರಿಗೆ ಹೆಂಡ, ಎದುರು ಪಕ್ಷದವರ ಲೋಟಕ್ಕೆ ಅಫೀಮಿನ ದ್ರಾವಣ. ಎರಡು ಪತ್ರಿಕೆಗಳ ಸಂಪಾದಕರು ದೇಶದ ಭವಿಷ್ಯವೇ ತಮ್ಮ ಬೈಗುಳದಲ್ಲಿ ಅಡಗಿದೆಯೆಂದು ನಂಬಿದ್ದಾರೆ. ಓದುಗರು ನಕ್ಕರು; ಕಂತುಗಳ ಮಾರಾಟ 40,000ಕ್ಕೆ ಏರಿತು. ವರದಿಗಾರನ ನೌಕರಿಯನ್ನು ಡಿಕನ್ಸ್ ಆ ವರ್ಷವೇ ಬಿಟ್ಟ.

ರಾಜಕೀಯ, ಪತ್ರಿಕೆ, ರಂಗಭೂಮಿ ಆತನಿಗೆ ಬೇರೆಬೇರೆಯಾಗಿರಲಿಲ್ಲ. ‘ಕ್ರಾನಿಕಲ್’ಗೆ ಚುನಾವಣಾ ವರದಿ ಬರೆದ ಲೇಖನಿಯೇ ನಾಟಕ ವಿಮರ್ಶೆಯನ್ನೂ ಬರೆಯುತ್ತಿತ್ತು. ಆತ ಮದುವೆಯಾದದ್ದು ಅದೇ ಪತ್ರಿಕೆಯ ಸಂಗೀತ ವಿಮರ್ಶಕ ಜಾರ್ಜ್ ಹೊಗಾರ್ತ್ ಅವರ ಮಗಳನ್ನು. ಚುನಾವಣೆಯ ಅಟ್ಟಣೆಯಲ್ಲಿ ಆತ ಕಂಡದ್ದು ರಂಗಸ್ಥಳವನ್ನೇ.

1842ರಲ್ಲಿ, 30ರ ಹೊಸ್ತಿಲಲ್ಲಿ, ಗಣರಾಜ್ಯವೊಂದನ್ನು ನೋಡುವ ಆಸೆಯಿಂದ ಅಮೆರಿಕಕ್ಕೆ ಹೋದ. ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್, ಸಿನ್ಸಿನಾಟಿ, ಸೇಂಟ್ ಲೂಯಿಸ್ ಎಂದು ಸುತ್ತಿದ. ಅಧ್ಯಕ್ಷ ಜಾನ್ ಟೈಲರ್ ಅವರನ್ನು ಕಂಡ. ತನ್ನ ಕೃತಿಗಳನ್ನು ಅನುಮತಿಯಿಲ್ಲದೆ ಅಚ್ಚುಹಾಕುತ್ತಿದ್ದವರ ವಿರುದ್ಧ ಕೃತಿಸ್ವಾಮ್ಯದ ಮಾತೆತ್ತಿದಾಗ ಅಲ್ಲಿನ ಪತ್ರಿಕೆಗಳು ಆತನನ್ನು ದುಡ್ಡಿನಾಸೆಯವನೆಂದು ಜರೆದವು. ಆತನೂ ಸುಮ್ಮನಿರಲಿಲ್ಲ. ಪ್ರವಾಸಕಥನದಲ್ಲಿ ಅಲ್ಲಿನ ಪತ್ರಿಕೆಗಳ ಕಟುತನವನ್ನು ಖಂಡಿಸಿದ್ದಲ್ಲದೆ, ಓಡಿಹೋದ ಗುಲಾಮರ ಬಗ್ಗೆ ಅವುಗಳಲ್ಲಿ ಬರುತ್ತಿದ್ದ ಜಾಹೀರಾತುಗಳನ್ನು ಪಟ್ಟಿಮಾಡಿ ಮುಂದಿಟ್ಟ. ಗುಲಾಮಗಿರಿಯ ವಿರುದ್ಧ ಯಾವ ಉಪದೇಶಕ್ಕಿಂತಲೂ ಆ ಪಟ್ಟಿಯೇ ಹೆಚ್ಚು ಹೇಳುತ್ತದೆ.

ಪತ್ರಿಕೆಗಳನ್ನು ಟೀಕಿಸುವುದು ಬೇರೆ, ನಡೆಸುವುದು ಬೇರೆ ಎಂಬುದು 1846ರಲ್ಲಿ ಮನವರಿಕೆಯಾಯಿತು. ಜನವರಿ 21ರಂದು ‘ಡೈಲಿ ನ್ಯೂಸ್’ ಎಂಬ ಉದಾರವಾದಿ ದಿನಪತ್ರಿಕೆ ಡಿಕನ್ಸ್‌ನ ಸಂಪಾದಕತ್ವದಲ್ಲಿ ಹೊರಟಿತು. ಧಾನ್ಯದ ಆಮದಿನ ಮೇಲಿನ ಸುಂಕ ರದ್ದಾಗಬೇಕೆಂಬ ಹೋರಾಟ ನಿರ್ಣಾಯಕ ಹಂತ ಮುಟ್ಟಿದ್ದ ಸಮಯ. ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಾರದು. ಆದರೂ ಡಿಕನ್ಸ್ 17 ಸಂಚಿಕೆಗಳ ನಂತರ ರಾಜೀನಾಮೆಯಿತ್ತು, ಅದೇ ವರ್ಷ ಸಂಸಾರ ಸಮೇತ ಸ್ವಿಟ್ಜರ್ಲೆಂಡಿಗೆ ತೆರಳಿದ.

ಪಾರ್ಲಿಮೆಂಟಿನ ಬಗ್ಗೆ ಗ್ಯಾಲರಿಯಲ್ಲಿ ಹುಟ್ಟಿದ ತಾತ್ಸಾರ ಕಡೆಯವರೆಗೂ ಹೋಗಲಿಲ್ಲ. 1841ರಲ್ಲಿ ರೆಡಿಂಗ್ ಕ್ಷೇತ್ರದಿಂದ ಸ್ಪರ್ಧಿಸಲು ಬಂದ ಆಹ್ವಾನವನ್ನು ನಿರಾಕರಿಸಿದ್ದ. ಕ್ರೈಮಿಯಾ ಯುದ್ಧದಲ್ಲಿ ಆಡಳಿತದ ಅಸಾಮರ್ಥ್ಯ ಬಯಲಾದಾಗ, 1855ರಲ್ಲಿ ಆಡಳಿತ ಸುಧಾರಣಾ ಸಂಘದ ವೇದಿಕೆಯೇರಿ ಮಾತನಾಡಿದ. ಆಗಲೇ ಆರಂಭಿಸಿದ ‘ಲಿಟಲ್ ಡಾರಿಟ್’ ಕಾದಂಬರಿಯಲ್ಲಿ ಯಾವ ಕೆಲಸವನ್ನೂ ಆಗಗೊಡದಿರುವುದನ್ನೇ ಕಲೆಯಾಗಿಸಿಕೊಂಡ ಸರ್ಕಾರಿ ಕಚೇರಿಯೊಂದನ್ನು ಸೃಷ್ಟಿಸಿದ. ಕಡತಗಳ ನಡುವೆ ಬದುಕು ಸವೆಸಿದ ನಾನು ಆ ಪುಟಗಳನ್ನು ಓದುವಾಗ ನಗುತ್ತೇನೆ. ನಂತರ ಸ್ವಲ್ಪ ಹೊತ್ತು ನಗು ಬರುವುದಿಲ್ಲ.

ಆದರೆ ಆತನಿಗೆ ಸಲ್ಲಬೇಕಾದ ಆಕ್ಷೇಪಣೆಯನ್ನೂ ದಾಖಲಿಸಬೇಕು. ಈ ತಾತ್ಸಾರದಲ್ಲಿ ಅನ್ಯಾಯದ ಪಾಲಿತ್ತು. ನೌಕರಿಗೆ ಅರ್ಹತಾ ಪರೀಕ್ಷೆ ಇರಬೇಕೆಂದು 1854ರಲ್ಲಿ ವರದಿ ಕೊಟ್ಟ ನಾರ್ತ್‌ಕೋಟ್ ಮತ್ತು ಟ್ರೆವೆಲ್ಯನ್ ಅದೇ ಆಡಳಿತದೊಳಗಿನವರು. ಮತಾಧಿಕಾರವನ್ನು 1867ರಲ್ಲಿ ವಿಸ್ತರಿಸಿದ್ದು ಅದೇ ಪಾರ್ಲಿಮೆಂಟು. ಅದಕ್ಕಿಂತ ನಮ್ಮನ್ನು ನೇರವಾಗಿ ತಟ್ಟುವ ಸಂಗತಿ 1857ರದು. ಭಾರತದ ದಂಗೆಯ ಸುದ್ದಿ ಲಂಡನ್ ಪತ್ರಿಕೆಗಳಲ್ಲಿ ಬಂದಂತೆ, ಡಿಕನ್ಸ್ ಇಡೀ ಜನಾಂಗವನ್ನೇ ಅಳಿಸಿಹಾಕಬೇಕೆಂಬ ಅರ್ಥದ ಪತ್ರ ಬರೆದ. ಈಟನ್‌ಸ್ವಿಲ್‌ನ ಎರಡು ಪತ್ರಿಕೆಗಳನ್ನೂ ನಂಬದವನು, ದೂರದ ದೇಶದ ಬಗ್ಗೆ ತನ್ನ ಊರಿನ ಪತ್ರಿಕೆಗಳು ಬರೆದುದನ್ನು ಪೂರ್ತಿಯಾಗಿ ನಂಬಿದ. ತಾನೇ ಹೋಗಿ ನೋಡಿದ್ದರ ಬಗ್ಗೆ ಇದ್ದ ವಿವೇಕ, ನೋಡದುದರ ಬಗ್ಗೆ ಇರಲಿಲ್ಲ.

1867ರ ಕೊನೆಯಲ್ಲಿ ತನ್ನ ಕೃತಿಗಳ ವಾಚನಕ್ಕಾಗಿ ಮತ್ತೆ ಅಮೆರಿಕಕ್ಕೆ ಹೋದಾಗ ಆತ ಬಳಲಿದ್ದ. 1868 ಅಲ್ಲಿ ಅಧ್ಯಕ್ಷೀಯ ಚುನಾವಣೆಯ ವರ್ಷ. ಫೆಬ್ರುವರಿಯಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅವರನ್ನು ಭೇಟಿಯಾದ. ಅದೇ ತಿಂಗಳು ಅವರ ಮೇಲೆ ಮಹಾಭಿಯೋಗ ಹೊರಿಸಲಾಯಿತು. ಜನ ಆ ಸುದ್ದಿಯಲ್ಲಿ ಮುಳುಗಿ, ಬಾಸ್ಟನ್ನಿನ ವಾಚನ ಸಭೆಯ ಗ್ಯಾಲರಿ ಖಾಲಿಯಾಯಿತು. ರಾಜಕೀಯವನ್ನು ರಂಗಸ್ಥಳದಂತೆ ಕಂಡವನ ಪ್ರೇಕ್ಷಕರನ್ನು ಆ ದೊಡ್ಡ ರಂಗಸ್ಥಳವೇ ಸೆಳೆದುಕೊಂಡಿತ್ತು. ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಪತ್ರಕರ್ತರ ಔತಣಕೂಟದಲ್ಲಿ, 25 ವರ್ಷಗಳಲ್ಲಿ ಆ ದೇಶವೂ ತಾನೂ ಬದಲಾಗಿರುವುದನ್ನು ಒಪ್ಪಿಕೊಂಡ. ಆ ಮಾತನ್ನು ಅಮೆರಿಕದ ಬಗ್ಗೆ ಬರೆದ ಎರಡು ಪುಸ್ತಕಗಳ ಮುಂದಿನ ಎಲ್ಲ ಮುದ್ರಣಗಳಿಗೂ ಸೇರಿಸುವುದಾಗಿ ಘೋಷಿಸಿದ. ಭಾರತದ ಬಗ್ಗೆ ಅಂಥ ತಿದ್ದುಪಡಿಗೆ ಅವಕಾಶ ಒದಗಲಿಲ್ಲ. ಆತ ಇಲ್ಲಿಗೆ ಬರಲೇ ಇಲ್ಲ.

1870ರ ಜೂನ್ 9ರಂದು ಡಿಕನ್ಸ್ ತೀರಿಕೊಂಡ. ಎರಡು ವರ್ಷಗಳ ನಂತರ, 1872ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಗುಪ್ತ ಮತದಾನದ ಕಾಯ್ದೆಯನ್ನು ಅಂಗೀಕರಿಸಿತು. 1883ರ ಮತ್ತೊಂದು ಕಾಯ್ದೆ ಅಭ್ಯರ್ಥಿಗಳ ವೆಚ್ಚಕ್ಕೆ ಮಿತಿ ಹೇರಿತು. ಈಟನ್‌ಸ್ವಿಲ್‌ನ ರೋಗಕ್ಕೆ ಮದ್ದು ಅರೆದದ್ದು, ಕಡೆಗೂ, ಡಿಕನ್ಸ್ ಲೇವಡಿ ಮಾಡಿದ ಸದನವೇ.

ನಮಗೆ 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲೇ ಗುಪ್ತ ಮತವೂ ಸಾರ್ವತ್ರಿಕ ಮತಾಧಿಕಾರವೂ ಒಟ್ಟಿಗೆ ದೊರೆತವು. ಕೊಡುಗೆ, ಹೆಂಡ, ಬಣ್ಣ ಹಚ್ಚಿಕೊಂಡ ಸುದ್ದಿಗಳು ಆದರೂ ಅಪರಿಚಿತವಾಗಿ ಉಳಿದಿಲ್ಲ. ಅವುಗಳನ್ನು ಕಂಡು ನಕ್ಕು, ಮತಗಟ್ಟೆಗೆ ಹೋಗದೆ ಮನೆಯಲ್ಲೇ ಕುಳಿತುಕೊಳ್ಳುವುದು ನಮ್ಮಂಥ ಓದುಬರಹ ಬಲ್ಲ ವರ್ಗಕ್ಕೆ ಸುಲಭ. ಡಿಕನ್ಸ್ ಕೂಡ ನಕ್ಕ. ಆದರೆ ನಗುವ ಮೊದಲು ಮಳೆಯಲ್ಲಿ ನಿಂತು, ಪೂರ್ತಿ ಭಾಷಣವನ್ನು ಬರೆದುಕೊಂಡಿದ್ದ.